ನಾನು ಕತ್ತರಿಸಿ ಹಾಕಿದ ಕಾಲಂ

ಆ ಶನಿವಾರವೂ ಐದಕ್ಕೇ ಎದ್ದೆ. ಹುಣಸೂರಿನ ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಅಂದು ನೀರಿನ ದಿನ. ತೊಟ್ಟಿ ತುಂಬುವಷ್ಟರಲ್ಲಿ ಬಾಗಿಲು ಸಾರಿಸಿ, ನಾಲ್ಕೆಳೆ ರಂಗೋಲಿ ಎಳೆದು, ಹಾಲು ಕಾಯಿಸಿ, ನಮ್ಮವರಿಗೆ ಉಪ್ಪಿಟ್ಟು ಕೆದಕಿದೆ. ಅವರು ಹೈಸ್ಕೂಲ್ ಮೇಷ್ಟ್ರು. ಶನಿವಾರ ಬೆಳಗಿನ ಶಾಲೆ, ಏಳೂಕಾಲಿಗೆಲ್ಲ ಹೊರಡಬೇಕು. ಸ್ಟವ್ ತಿರುಗಿಸುವಾಗ ಬಲಗೈ ಹೆಬ್ಬೆರಳು ಚಳಕ್ ಎಂದಿತು. ಎರಡು ತಿಂಗಳಿಂದ ಹಳೆಯ ದಾಖಲೆಗಳ ಚಿತ್ರಗಳನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದರ ಫಲ.

"ಇವತ್ತೇ ಹೋಗ್ಲೇಬೇಕಾ?" ಎಂದರು ಅವರು, ತಟ್ಟೆ ಸಿಂಕಿಗೆ ಇಡುತ್ತಾ.

"ಇವತ್ತು ಆ ಪತ್ರದ ನಕಲು ಕೊಡ್ತೀವಿ ಅಂದಿದ್ದಾರೆ ಕಚೇರೀಲಿ."

"ಸರಿ. ಅದರಲ್ಲಿ ಏನೇ ಇರ್ಲಿ, ಗ್ರೂಪಿಗೆ ಮಾತ್ರ ಹಾಕ್ಬೇಡ ಕಣೆ."

ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರಿಂದಲೇ ಇಷ್ಟೆಲ್ಲ ಆಗಿತ್ತು.

ನಮ್ಮವರ ಅಣ್ಣನಿಗೆ ಒಬ್ಬಳೇ ಮಗಳು. ಪಿರಿಯಾಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ರಾವಂದೂರಿನ ಹತ್ತಿರದ ನಮ್ಮ ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ವಯಸ್ಸು ಇಪ್ಪತ್ತೇಳು. ಎರಡು ಸಂಬಂಧ ಬಂದು ತಪ್ಪಿದ್ದವು. ಶ್ರಾವಣದಲ್ಲಿ ಕೆ.ಆರ್. ನಗರದ ಕಡೆಯಿಂದ ಮೂರನೆಯದು ಬಂತು. ನಾಲೆ ನೀರಿನ ಗದ್ದೆ ಇರುವ ಮನೆ, ಹುಡುಗ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾನೆ. ನೋಡಲು ಬಂದ ದಿನ ಅವನು ಕಾಫಿ ಲೋಟವನ್ನು ತಾನೇ ಒಳಗೆ ತಂದಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮ ಹುಡುಗಿಯ ಮುಖವನ್ನು ನಾನು ಆಗ ನೋಡಿದೆ. ಒಪ್ಪಿಗೆಯೇ ಎಂದು ಅವಳನ್ನು ಮತ್ತೆ ಕೇಳುವ ಅಗತ್ಯವಿರಲಿಲ್ಲ.

ಎಲ್ಲ ಮುಗಿದು ಎಲೆ ಅಡಿಕೆಯ ತಟ್ಟೆ ಬಂದ ಹೊತ್ತಿಗೆ ಯಾರೋ ಮನೆದೇವರು ಯಾವುದು ಎಂದು ಕೇಳಿದರು. ಇಬ್ಬರದೂ ಒಂದೇ ದೇವರು! ಹುಡುಗನ ತಂದೆ ನಗುತ್ತಲೇ, "ನಮ್ ಮೂಲಾನೂ ಈ ಕಡೇದೇ ಅಂತೆ ಕಣ್ರೀ. ನಮ್ ತಾತ ಮರೀಗೌಡ್ರು ಹುಡುಗನಾಗಿದ್ದಾಗ್ಲೇ ಊರು ಬುಟ್ಟು ನಾಲೆ ಕಡೆ ಬಂದೋರು. ನಮ್ಮಪ್ಪ ಸಣ್ಣೋರಾಗಿದ್ದಾಗ್ಲೇ ತೀರ್ಕೊಂಡ್ರು. ಇನ್ನೇನೂ ಗೊತ್ತಿಲ್ಲ," ಎಂದರು.

ನಗು ಅಲ್ಲಿಗೇ ನಿಂತಿತು. ಮನೆದೇವರು ಒಂದೇ ಆಗಿ ಒಕ್ಕಲೂ, ಅಂದರೆ ಮೂಲದ ಮನೆತನವೂ, ಒಂದೇ ಆದರೆ ಅವರು ದಾಯಾದಿಗಳು. ದಾಯಾದಿಗಳ ಮಕ್ಕಳು ಎಷ್ಟೇ ತಲೆಮಾರಾಗಿದ್ದರೂ ನಮ್ಮಲ್ಲಿ ಅಣ್ಣತಂಗಿಯರೇ. ಭಾವ ನನ್ನ ಕಡೆ ತಿರುಗಿದರು.

"ಅದೇನೋ ಇಂಟರ್ನೆಟ್ಟಲ್ಲಿ ವಂಶದ ಮರ ಬರೀತಾ ಇದ್ಯಲ್ಲವ್ವ, ಅದ್ರಲ್ಲೇ ಒಂದಪ ನೋಡ್ಬುಡು."

ಮೂಲೆಯಲ್ಲಿ ಕುಳಿತಿದ್ದ ನಮ್ಮ ಮಾವ ಎದ್ದು ಕೈತೊಳೆಯಲು ಹಿತ್ತಲಿಗೆ ಹೋದರು. ಅದನ್ನು ನಾನು ಗಮನಿಸಿದ್ದೆ. ಗಮನಿಸಿ ಸುಮ್ಮನಾಗಿದ್ದೆ.

ವಂಶದ ಮರ ಶುರುವಾದದ್ದು ಲಾಕ್‌ಡೌನ್ ದಿನಗಳಲ್ಲಿ. ನನ್ನ ಓದು ಕಾನ್ವೆಂಟಿನದು. ಮಾರ್ಜಿನ್ ಎಳೆಯದೆ ಒಂದು ಸಾಲೂ ಬರೆಯಕೂಡದು ಎಂದು ಸಿಸ್ಟರುಗಳು ಕಲಿಸಿದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಇಂಗ್ಲಿಷಿನ ಒಂದು ವೆಬ್‌ಸೈಟಿನಲ್ಲಿ ಹೆಸರುಗಳನ್ನು ಚೌಕಗಳಲ್ಲಿ ತುಂಬುತ್ತಾ ಹೋದರೆ ಅದೇ ಗೆರೆ ಎಳೆದು ಮರ ಮಾಡಿಕೊಡುತ್ತಿತ್ತು. ಆ ಅಚ್ಚುಕಟ್ಟು ನನಗೆ ಹಿಡಿಸಿತ್ತು. ಮಾವನ ತಂದೆ ಚಿಕ್ಕೇಗೌಡರು, ತಾಯಿ ಕೆಂಪಮ್ಮ, ಅಲ್ಲಿಂದ ಕೆಳಗೆ ಎಲ್ಲ ತುಂಬಿದ್ದೆ. ಅವರಿಬ್ಬರಿಂದ ಮೇಲೆ ಮಾತ್ರ ಖಾಲಿ ಇತ್ತು.

ಆ ಖಾಲಿಯನ್ನು ತುಂಬಲು ಈಗ ಜಮೀನಿನ ದಾಖಲೆಗಳಿಗೆ ಇಳಿದೆ. ಪಹಣಿ ಸಿಗುವ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದೊಂದಾಗಿ ಆರಿಸಬೇಕು. ಐದನೆಯದಕ್ಕೆ ಬರುವಷ್ಟರಲ್ಲಿ ನೆಟ್ ಹೋದರೆ ಮತ್ತೆ ಜಿಲ್ಲೆಯಿಂದ. ಒಟಿಪಿ ಬರುವ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು, ಕುಕ್ಕರ್ ಇಳಿಸಿ ಬರುವ ಹೊತ್ತಿಗೆ ಒಟಿಪಿಯ ಅವಧಿ ಮುಗಿದಿರುತ್ತಿತ್ತು. ಹಳೆಯ ಕೈಬರಹದ ಪುಟಗಳು ಸ್ಕ್ಯಾನ್ ಆಗಿ ಬರುತ್ತವೆ. ಕೆಲವು ಓರೆ, ಕೆಲವು ಪೂರ್ತಿ ಕಪ್ಪು. ಬೇಕಾದ್ದು, ಬೇಡವಾದ್ದು ಎಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹನ್ನೊಂದು ದಿನ ಕೂತೆ. ಹನ್ನೆರಡನೆಯ ದಿನ ಸಿಕ್ಕಿತು. ಒಂದೇ ಸರ್ವೆ ನಂಬರು ಎರಡು ಭಾಗವಾಗಿತ್ತು. ಒಂದು ಚಿಕ್ಕೇಗೌಡ ಬಿನ್ ನಿಂಗೇಗೌಡ. ಇನ್ನೊಂದು ಮರೀಗೌಡ ಬಿನ್ ನಿಂಗೇಗೌಡ.

ಬಿನ್ ಎಂದರೆ ಮಗ. ಅದರಲ್ಲಿ ಅನುಮಾನವೇನು? ಎರಡು ಚೌಕದಲ್ಲೂ 'ಸನ್' ಎಂದು ಒತ್ತಿದೆ. ಗೆರೆಗಳು ಮೇಲೇರಿ ನಿಂಗೇಗೌಡರಲ್ಲಿ ಕೂಡಿಕೊಂಡವು. ಅಳುವ ಬದಲು ನಾನು ಖುಷಿಪಟ್ಟೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹನ್ನೆರಡು ದಿನದ ದುಡಿಮೆಯ ಖುಷಿ. ದಾಖಲೆಯ ಪುಟ ಬಹಳ ಅಗಲವಿತ್ತು, ಫೋನಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಹೆಸರಿನ ಕಾಲಂ ಮಾತ್ರ ಉಳಿಸಿ, ಮಿಕ್ಕದ್ದನ್ನು ಕತ್ತರಿಸಿ, ಮರದ ಚಿತ್ರದ ಜೊತೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಹತ್ತು ನಿಮಿಷದಲ್ಲಿ ಭಾವನ ಫೋನು. "ಅಂಗಾದ್ರೆ ಅಣ್ಣತಮ್ಮಂದಿರ ಮಕ್ಳು."

"ಹಾಗೇ ಕಾಣುತ್ತೆ ಭಾವ."

"ಮುಗೀತು ಬುಡು." ಇಟ್ಟುಬಿಟ್ಟರು.

ಗ್ರೂಪಿನಲ್ಲಿ ಮಾತ್ರ ಸಂಭ್ರಮವೋ ಸಂಭ್ರಮ. ಊರಿನ ಹಿರಿಯರೊಬ್ಬರು "ನಿಂಗೇಗೌಡ್ರ ಹಿರೀಮಗನ ಮನೆ, ಸುಮ್ನೆ ಅಲ್ಲ" ಎಂದು ಕೈಮುಗಿದ ಚಿತ್ರ ಹಾಕಿದರು. ಓರಗಿತ್ತಿಗೆ ಬೇರೆ ದಿಗಿಲು ಹತ್ತಿತು. ಹುಡುಗನ ಮನೆಯಲ್ಲಿ ಚಿಕ್ಕತಾತ ಒಬ್ಬರು ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ತೀರಿಕೊಂಡಿದ್ದರಂತೆ. "ದಾಯಾದಿಗಳು ಅಂದ್ರೆ ನಮ್ಗೂ ಸೂತ್ಕ ಅಲ್ವೇನೆ? ಸೂತ್ಕದಲ್ಲಿ ಕಡುಬು ಮಾಡ್ಕೊಂಡು ತಿಂದ್ಬುಟ್ವಲ್ಲೇ!" ಎಂದು ನನಗೆ ಫೋನು ಮಾಡಿ ಅತ್ತಳು. ಅವಳು ನಿಜವಾಗಿ ಅತ್ತದ್ದು ಮಗಳಿಗಾಗಿ. ಕಡುಬು ಒಂದು ನೆಪ.

ಮಗಳು ಮೂರು ದಿನ ಕಳೆದು ಫೋನು ಮಾಡಿದಳು. ಶಾಲೆಯ ಮಧ್ಯಾಹ್ನದ ಬಿಡುವಿರಬೇಕು, ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

"ಚಿಕ್ಕಮ್ಮ, ಒಂದು ಡೌಟು. ಅವರ ಫೋಟೋ ಒಂದಿದೆ ನನ್ನ ಫೋನಲ್ಲಿ. ಡಿಲೀಟ್ ಮಾಡ್ಬೇಕಾ? ಅಣ್ಣ ಅಂದ್ಮೇಲೆ ಇಟ್ಕೋಬಹುದಲ್ವಾ?"

"ಊಟ ಆಯ್ತೇನಮ್ಮ?" ಎಂದೆ. "ಆಯ್ತು ಚಿಕ್ಕಮ್ಮ" ಎಂದಳು. ಆಗಿರಲಿಲ್ಲ.

ಪಿತೃಪಕ್ಷ ಶುರುವಾಗಿತ್ತು. ಪಕ್ಷ ಕಳೆದ ಮೇಲೆ ಹುಡುಗನ ಕಡೆಯವರು ಬೇರೆ ಕಡೆ ಹೆಣ್ಣು ನೋಡುತ್ತಾರೆಂದು ಸುದ್ದಿ ಬಂತು. ತಪ್ಪೇನಿಲ್ಲ, ಅವರೂ ಎಷ್ಟು ದಿನ ಕಾಯುತ್ತಾರೆ.

ಫೋನಿನ ಮೆಮೊರಿ ತುಂಬಿದೆ ಎಂದು ಬರುತ್ತಿದ್ದುದರಿಂದ ಒಂದು ಮಧ್ಯಾಹ್ನ ಆ ಪುಟಗಳನ್ನೆಲ್ಲ ಅಳಿಸಲು ಕೂತೆ. ಕತ್ತರಿಸದ ಮೂಲ ಪುಟ ಕೈಗೆ ಬಂತು. ಅಳಿಸುವ ಮುಂಚೆ ಒಮ್ಮೆ ಪೂರ್ತಿ ನೋಡಿದೆ. ನಾನು ಕತ್ತರಿಸಿದ್ದ ಬಲಬದಿಯಲ್ಲಿ, ಜಮೀನು ಹೇಗೆ ಬಂತು ಎಂಬ ಕಾಲಂ ಇತ್ತು. ಮರೀಗೌಡರ ಸಾಲಿನಲ್ಲಿ 'ಪೌತಿ' ಎಂದಿತ್ತು. ತಂದೆ ಸತ್ತ ಮೇಲೆ ಮಗನಿಗೆ ಬಂದದ್ದು. ಚಿಕ್ಕೇಗೌಡರ ಸಾಲಿನಲ್ಲಿ 'ದಾನ' ಎಂದಿತ್ತು. ಪಕ್ಕದಲ್ಲಿ ಸಣ್ಣದಾಗಿ ಒಂದು ನಂಬರು, ಇಸವಿ.

ಸಂಜೆ ನಮ್ಮವರನ್ನು ಕೇಳಿದೆ. "ರೀ, ಅಪ್ಪ ಮಗನಿಗೆ ಜಮೀನು ದಾನ ಕೊಡ್ತಾರಾ?"

"ಮಗನಿಗ್ಯಾಕೆ ದಾನ? ಅವನದು ಹೇಗೂ ಬರುತ್ತಲ್ಲ. ಹೊರಗಿನವರಿಗೆ ಕೊಡಬೇಕಾದ್ರೆ ದಾನಪತ್ರ ಬೇಕು." ಪೇಪರು ತಿದ್ದುತ್ತಿದ್ದವರು ಕೆಂಪು ಪೆನ್ನು ಹಿಡಿದೇ ತಲೆಯೆತ್ತಿದರು. "ಯಾಕೆ?"

ದಾನಪತ್ರದ ನಕಲು ಹುಡುಕುವುದು ಇನ್ನೊಂದು ಸುತ್ತು. ಅಷ್ಟು ಹಳೆಯ ನೋಂದಣಿಗಳು ಅಂತರ್ಜಾಲದಲ್ಲಿ ಇಲ್ಲ. ಕಚೇರಿಗೇ ಅರ್ಜಿ ಕೊಡಬೇಕು, ನಂಬರು ಸರಿಯಾಗಿರಬೇಕು. ನಂಬರಿನ ಕೊನೆಯ ಅಂಕಿ ನನಗೆ ಒಮ್ಮೆ ಆರರಂತೆ, ಒಮ್ಮೆ ಒಂಬತ್ತರಂತೆ ಕಾಣುತ್ತಿತ್ತು. ಒಂಬತ್ತು ಎಂದು ಬರೆದು ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದರೆ ಯಾರದೋ ಎತ್ತಿನಗಾಡಿ ಅಡವಿನ ಪತ್ರ. ಕೌಂಟರಿನವರು ಬೇಸರ ಮಾಡಿಕೊಳ್ಳಲಿಲ್ಲ, "ನೋಡ್ಕೊಂಡು ಬರೀರಿ ಮೇಡಂ" ಎಂದರಷ್ಟೆ. ಬೇಸರವಾದದ್ದು ನನಗೇ. ಮನೆಗೆ ಬಂದು ಮಡಚದೆ ಬಿದ್ದಿದ್ದ ಬಟ್ಟೆಯ ಮೇಲೇ ಒರಗಿಕೊಂಡೆ.

ಹಳೆಯ ಕಾಗದಪತ್ರ ಓದುವವರದೊಂದು ಫೇಸ್‌ಬುಕ್ ಗುಂಪಿದೆ. ಅಲ್ಲಿ ಆ ಅಂಕಿಯ ಚಿತ್ರ ಮಾತ್ರ ಹಾಕಿ ಕೇಳಿದೆ. ಆರು ಎಂದವರು ಐದು ಜನ, ಒಂಬತ್ತು ಎಂದವರು ಐದು ಜನ. ನಿವೃತ್ತ ಗ್ರಾಮಲೆಕ್ಕಿಗರೊಬ್ಬರು ಮಾತ್ರ ಹೀಗೆ ಬರೆದರು: "ಅಮ್ಮ, ಒಂದು ಅಂಕಿ ಕತ್ತರಿಸಿ ತೋರಿಸಿದರೆ ಯಾರಿಗೂ ಹೇಳಲಾಗದು. ಅದೇ ಪುಟದಲ್ಲಿ ಅದೇ ಕೈಯವರು ಬೇರೆ ಕಡೆ ಆರು ಹೇಗೆ ಬರೆದಿದ್ದಾರೆ, ಒಂಬತ್ತು ಹೇಗೆ ಬರೆದಿದ್ದಾರೆ, ಹುಡುಕಿ ಪಕ್ಕದಲ್ಲಿಟ್ಟು ನೋಡಿ." ಎರಡನೆಯ ಸಲ ಕತ್ತರಿಸಿದ್ದೆ ನಾನು. ಪುಟವನ್ನು ಪೂರ್ತಿ ಹರಡಿಕೊಂಡು ಸರ್ವೆ ನಂಬರು, ಕಂದಾಯ, ಗುಂಟೆ ಎಂದು ಎಲ್ಲ ಅಂಕಿಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಅದು ಆರು. ಮತ್ತೆ ಅರ್ಜಿ ಕೊಟ್ಟೆ.

ಅದರ ನಕಲು ಸಿಗಬೇಕಿದ್ದದ್ದು ಈ ಶನಿವಾರ. ಮರುದಿನ ಅಮಾವಾಸ್ಯೆ, ಪಕ್ಷ ಮುಗಿಯುತ್ತಿತ್ತು.

ಬಸ್ಸಿನಲ್ಲಿ ಆಧಾರ್ ತೋರಿಸಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಚೀಟಿ ಪಡೆದು ಕಿಟಕಿಗೆ ತಲೆ ಕೊಟ್ಟೆ. ಹೊಗೆಸೊಪ್ಪನ್ನು ಗೂಡಿನಲ್ಲಿ ಬೇಯಿಸಿ ಒಣಗಿಸುವ ಕಾಲ. ದಾರಿಯುದ್ದಕ್ಕೂ ಆ ಸಿಹಿಗಮಟು ವಾಸನೆ. ಪಿರಿಯಾಪಟ್ಟಣದಲ್ಲಿ ಇಳಿದು ಕಚೇರಿಗೆ ಹೋದಾಗ ಹತ್ತೂವರೆ. ಹನ್ನೊಂದೂಕಾಲಿಗೆ ಎರಡು ಹಾಳೆ ಕೈಗೆ ಬಂದವು. ಬರಹ ಕೊಂಡಿ ಕೊಂಡಿಯಾಗಿತ್ತು. ನನಗೆ ಅಲ್ಲೊಂದು ಇಲ್ಲೊಂದು ಪದ ಬಿಟ್ಟರೆ ಓದಲಾಗಲಿಲ್ಲ. ಹೊರಗೆ ಮರದ ಕೆಳಗೆ ಕೂರುವ ಪತ್ರ ಬರಹಗಾರರಲ್ಲಿ ಹಿರಿಯರೊಬ್ಬರನ್ನು ಕೇಳಿಕೊಂಡೆ. ಅವರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಮಗ್ಗಿ ಒಪ್ಪಿಸುವ ದನಿಯಲ್ಲಿ ಓದಿದರು.

"ಪುತ್ರಸಂತಾನವಿಲ್ಲದ ಕಾಲದಲ್ಲಿ ನನ್ನ ಮಗಳು ಕೆಂಪಮ್ಮನನ್ನು ವಿವಾಹವಾಗಿ ನನ್ನ ಮನೆಯಲ್ಲೇ ಇದ್ದುಕೊಂಡು ನನ್ನ ಕೃಷಿಯನ್ನು ನೋಡಿಕೊಂಡು ಬಂದಿರುವ ನನ್ನ ಅಳಿಯ ಚಿಕ್ಕೇಗೌಡ ಬಿನ್ ಕರೀಗೌಡನಿಗೆ... ಆಮೇಲೆ ನನಗೆ ಮರೀಗೌಡನೆಂಬ ಮಗನು ಹುಟ್ಟಿದ್ದರೂ ಸಹ ಕೊಟ್ಟ ಮಾತಿಗೆ ತಪ್ಪದೆ..." ಅವರು ನಿಲ್ಲಿಸಿದರು. "ಮನೆವಾಳ್ತನಕ್ಕೆ ಬಂದ ಅಳಿಯ ಕಣಮ್ಮ. ಹೆಗ್ಗಡದೇವನಕೋಟೆ ತಾಲ್ಲೂಕು ಅಂತ ಇದೆ, ಊರಿನ ಹೆಸರು ಇದ್ದ ಜಾಗ ಮೂಲದಲ್ಲೇ ಹುಳ ತಿಂದಿರಬೇಕು, ಖಾಲಿ ಬಿಟ್ಟಿದ್ದಾರೆ."

"ಹಾಗಿದ್ರೆ ಪಹಣಿಯಲ್ಲಿ ಬಿನ್ ನಿಂಗೇಗೌಡ ಅಂತ ಯಾಕಿದೆ?"

"ಮುಂದಿನ ಪುಸ್ತಕಕ್ಕೆ ಇಳಿಸೋವಾಗ ಇಬ್ರಿಗೂ ಒಂದೇ ಅಪ್ಪನ ಹೆಸರು ಬರೆದುಬಿಟ್ಟಿರ್ತಾರೆ. ಒಂದೇ ಮನೆ, ಒಂದೇ ಒಲೆ. ಅಳಿಯ ಬಂದು ಅಲ್ಲ ಅನ್ನಲಿಲ್ಲ. ಯಾಕೆ ಅಂತಾನೆ ಹೇಳಿ?"

ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಚಿಕ್ಕೇಗೌಡರೂ ಮರೀಗೌಡರೂ ಅಣ್ಣತಮ್ಮಂದಿರಲ್ಲ, ಭಾವಮೈದುನರು. ಅವರ ಮರಿಮಕ್ಕಳಿಗೆ ಮದುವೆ ಆಗಬಾರದು ಎನ್ನುವುದಿರಲಿ, ಹೆಣ್ಣು ತಂದು ಹೆಣ್ಣು ಕೊಡುವ ಸರಿಯಾದ ವರಸೆಯೇ ಅದು. ಫೋನು ಕೈಯಲ್ಲೇ ಇತ್ತು. ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಫೋಟೋ ತೆಗೆದೂಬಿಟ್ಟೆ. ಈ ಸಲ ಏನನ್ನೂ ಕತ್ತರಿಸಲಿಲ್ಲ, ಅಂಚಿನ ಮೊಹರಿನ ಸಮೇತ.

ಕಳಿಸುವ ಗುರುತಿನ ಮೇಲೆ ಬೆರಳಿಟ್ಟಾಗ ಹಿತ್ತಲಿಗೆ ಎದ್ದು ಹೋದ ಮಾವ ಕಣ್ಣಿಗೆ ಬಂದರು.

ನಮ್ಮ ಊರಿನಲ್ಲಿ ಮನೆದೇವರ ಹಬ್ಬಕ್ಕೆ ಮೊದಲ ತಂಬಿಟ್ಟಿನ ಆರತಿ ಹೊರಡುವುದು ಮಾವನ ಮನೆಯಿಂದ. ಮೂಲದ ಮನೆ ಎಂದು. ನಾನು ಮದುವೆಯಾಗಿ ಬಂದ ವರ್ಷ ಆ ಆರತಿ ಹೊತ್ತದ್ದು ನಾನು. ಮುಂದೆ ತಮಟೆ, ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಮಾವ, ಹಿಂದೆ ಉಳಿದ ಮನೆಗಳು. ಈ ಎರಡು ಹಾಳೆ ಗ್ರೂಪಿಗೆ ಹೋದರೆ ಆ ಜಾಗ ಹೋಗುತ್ತದೆ. ಎಂಬತ್ತೆರಡು ವರ್ಷದ ಮನುಷ್ಯ ಅದನ್ನು ಸೊಸೆಯ ವಾಟ್ಸಾಪಿನಿಂದ ತಿಳಿಯಬೇಕೆ? ಫೋನನ್ನು ಬ್ಯಾಗಿಗೆ ಹಾಕಿ ರಾವಂದೂರಿನ ಬಸ್ಸು ಹತ್ತಿದೆ.

ಊರು ಮುಟ್ಟಿದಾಗ ಒಂದು ಗಂಟೆ. ಭಾವನೂ ಓರಗಿತ್ತಿಯೂ ಹೊಲದಲ್ಲಿದ್ದರು. ಮಾವ ಜಗಲಿಯ ಮೇಲೆ ಬೇಯಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದರು.

"ಏನವ್ವ, ಒಬ್ಳೇ ಬಂದ್ಬುಟ್ಟೆ? ಅವ್ನು ಬರ್ನಿಲ್ವಾ?"

"ಇಲ್ಲ ಮಾವ. ಪಿರಿಯಾಪಟ್ಟಣದಲ್ಲಿ ಒಂದು ಕಾಗದ ಸಿಕ್ತು. ಯಾರಿಗೂ ತೋರಿಸಿಲ್ಲ. ಮೊದಲು ನಿಮಗೆ ಅಂತ ಬಂದೆ."

ಅವರು ಕೈ ಚಾಚಲಿಲ್ಲ. "ಓದು," ಎಂದರು.

ಪತ್ರ ಬರಹಗಾರರು ಓದಿದ್ದನ್ನು ಬಸ್ಸಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಓದಿದೆ. 'ನನ್ನ ಅಳಿಯ' ಎನ್ನುವಲ್ಲಿ ಅವರ ಕೈ ನಿಂತಿತು.

"ಅಲ್ಗಂಟ ಸಾಕು."

"ನಿಮಗೆ ಗೊತ್ತಿತ್ತಾ ಮಾವ?"

"ನಮ್ಮಪ್ಪ ಯಾರು ಅಂತ ನಂಗೊತ್ತಿರಾಕಿಲ್ವಾ?"

"ಹಾಗಿದ್ರೆ ಅವತ್ತೇ ಯಾಕೆ..."

ಅವರು ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ತಪ್ಪು ಗುಡ್ಡೆಗೆ ಹಾಕಿದರು. ಮತ್ತೆ ತೆಗೆದು ಸರಿಯಾದದ್ದಕ್ಕೆ ಹಾಕಿದರು.

"ನಮ್ಮಪ್ಪ ಉಣ್ಣಾಕೆ ಕೂತ್ರೆ ಎರಡನೇ ಮುದ್ದೆ ಕೇಳ್ತಿರ್ನಿಲ್ಲ ಕಣವ್ವ. ಅತ್ತೆಮನೆ ಇಟ್ಟು ಅಂತ. ಮಗ ಹುಟ್ಟಿದ್ಮ್ಯಾಲೆ ಈವಪ್ಪ ಯಾಕವ್ನೆ ಅಂತ ಊರೋರು ಅನ್ನೋರು. ಆ ಮರೀಗೌಡ ನನ್ನ ಸೋದರಮಾವ, ಅವ್ನೇ ಜಗಳ ಆಡ್ಕೊಂಡು ಓದ. ಓಗಿದ್ಕೂ ನಮ್ಮಪ್ಪನ್ನೇ ಅಂದ್ರು. ಇಸ್ಕೂಲಲ್ಲಿ ಒಬ್ಬ ಮನೆವಾಳ್ತನದೋನ ಮಗ ಅಂದಿದ್ಕೆ ಅವನ ಅಲ್ಲು ಉದುರ್ಸಿದ್ದೆ. ಆಮ್ಯಾಕೆ ಅನ್ನೋರೆಲ್ಲ ಸತ್ರು. ಅಂಗೇ ಮರ್ತೋಯ್ತು."

"ಆದ್ರೆ ಹುಡುಗಿ, ಮಾವ..."

"ಕಾಣಾಕಿಲ್ವಾ ನಂಗೆ? ದಿನಾ ಅರ್ಧ ಮುದ್ದೆ ಬುಟ್ಟು ಏಳ್ತದೆ." ಅವರ ದನಿ ಏರಿತು. "ನೀನು ಆ ಮರ ಹಾಕ್ದೆ. ನಿಂಗೇಗೌಡ್ರ ಹಿರೀಮಗನ ಮನೆ ಅಂತ ಊರೋರೆಲ್ಲ ಅಂದ್ರು. ಇಷ್ಟು ವರ್ಸಕ್ಕೆ ಒಂದು ಕಂಪ್ಯೂಟ್ರು ನಮ್ಮಪ್ಪನ್ನ ಆ ಮನೆ ಮಗ ಮಾಡ್ತು. ಅಲ್ಲ ಅನ್ನಾಕೆ ಬಾಯಿ ಬರ್ನಿಲ್ಲ."

ಹಟ್ಟಿಯ ಮುಂದೆ ಕೋಳಿಯೊಂದು ಕೆದಕುತ್ತಿತ್ತು. ನಾನು ಹಾಳೆಗಳನ್ನು ಮಡಚಿ ಅವರ ಪಕ್ಕದಲ್ಲಿಟ್ಟೆ.

"ನೀವು ಹೇಳೋವರೆಗೂ ನಾನು ಯಾರಿಗೂ ಹೇಳಲ್ಲ ಮಾವ. ಆದ್ರೆ ಅವಳಾಗಿ ಬಂದು ಚಿಕ್ಕಮ್ಮ ಏನಾದ್ರೂ ಸಿಕ್ತಾ ಅಂತ ಕೇಳಿದ್ರೆ ಇಲ್ಲ ಅನ್ನೋಕೆ ನನಗೆ ಆಗಲ್ಲ."

"ನನ್ನೇ ಬೆದರಿಸ್ತೀಯಾ?"

"ಇಲ್ಲ ಮಾವ. ಸುಸ್ತಾಗಿದೆ."

ಅವರು ನನ್ನ ಮುಖ ನೋಡಿದರು. "ಒಳಗೆ ಸಾರು ಐತೆ, ಉಣ್ಣು ಓಗು," ಎಂದರು.

ಉಣ್ಣುತ್ತಿದ್ದಾಗ ಹುಡುಗಿ ಬಂದಳು. ಬ್ಯಾಗಿನಿಂದ ಮಕ್ಕಳ ನೋಟ್‌ಬುಕ್ಕುಗಳ ಕಟ್ಟು ತೆಗೆದು ಗೂಡಿನಲ್ಲಿಟ್ಟು, ನನ್ನನ್ನು ಕಂಡು ನಕ್ಕಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಅವಳು ಏನೂ ಕೇಳುವ ಮುಂಚೆಯೇ ಜಗಲಿಯಿಂದ ಮಾವ ಕೂಗಿದರು.

"ಅವ್ವಯ್ಯಾ, ಬಾ ಇಲ್ಲಿ. ಆ ಕೆ.ಆರ್. ನಗರದ ಹುಡ್ಗನ ನಂಬ್ರು ಐತಾ?"

ಅವಳು ಬಾಗಿಲಲ್ಲೇ ನಿಂತಳು. "ಯಾಕೆ ತಾತ?"

"ಒತ್ತು ಅಂದ್ರೆ ಒತ್ತವ್ವ."

ಮೂರು ವಾರದಿಂದ ಮುಟ್ಟದ ನಂಬರು. ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಕೆಂಡ ಹಿಡಿದಂತೆ ದೂರ ಹಿಡಿದಳು. ಹುಡುಗ ಒಂದೇ ರಿಂಗಿಗೆ ಎತ್ತಿದ. "ಹಲೋ?" ಎಂಬ ದನಿಯಲ್ಲಿ ಉಸಿರೇ ಇರಲಿಲ್ಲ.

"ನಾನು ಕಣಪ್ಪ, ಹೆಣ್ಣಿನ ತಾತ. ನಿಮ್ ತಾತಂಗೆ ಕೊಡು ಫೋನಾ."

ಆ ಕಡೆ ಓಡಾಟ, ಏನೋ ಬಿದ್ದ ಸದ್ದು, ಆಮೇಲೆ ಒಂದು ಮುದಿ ಕೆಮ್ಮು. "ಯಾರೂ?"

"ನಿಮ್ಮಪ್ಪ ಮರೀಗೌಡ ತಾನೆ? ನಿಮ್ಮಪ್ಪಂಗೆ ಒಬ್ಬ ಅಕ್ಕ ಇದ್ಲು. ಕೆಂಪಮ್ಮ ಅಂತ. ಅವಳ ಮಗ ಕಣಪ್ಪ ನಾನು. ನಮ್ಮಪ್ಪ ನಿಮ್ಮನೆಗೆ ಮನೆವಾಳ್ತನಕ್ಕೆ ಬಂದೋನು. ಮಗ ಅಲ್ಲ. ಅಳಿಯ." ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. "ಕಾಗ್ದದಲ್ಲಿ ತಪ್ಪು ಬರ್ದವ್ರೆ. ನಾವು ದಾಯಾದಿಗಳಲ್ಲ."

ಹುಡುಗಿ ತಾತನ ಮುಖವನ್ನೇ ನೋಡುತ್ತಿದ್ದಳು.

"ಅಂಗಾದ್ರೆ," ಎಂದಿತು ಫೋನು, "ನೀನು ನಂಗೆ ಭಾವ ಆಗ್ಬೇಕಾ, ಮೈದ ಆಗ್ಬೇಕಾ?"

"ನಿಂಗೆಷ್ಟು ವರ್ಸ?"

"ಎಪ್ಪತ್ತೆಂಟು."

"ನಾನೇ ಭಾವ ಬುಡು. ನಂಗೆ ಎಂಬತ್ತೆರಡು."

"ಅಲ್ಲಾ ಭಾವ, ನಮ್ಮಪ್ಪಂಗೆ ಅಕ್ಕ ಇದ್ಲು ಅಂತ್ಲೇ ನಂಗೊತ್ತಿರ್ನಿಲ್ವಲ್ಲ! ಮುಂಚೇನೇ ಅನ್ಬಾರ್ದಾ? ಇಲ್ಲಿ ನಮ್ ಹುಡ್ಗ ಗಡ್ಡ ಬುಟ್ಕೊಂಡು ಕೂತವ್ನೆ."

"ಬೋಳಿಸ್ಕೋ ಅನ್ನು," ಎಂದರು ಮಾವ. ಆಮೇಲೆ, ಯಾರೂ ಕೇಳದಿದ್ದರೂ, "ಹಬ್ಬಕ್ಕೆ ಬನ್ನಿ ಈ ಸಲ. ಮೊದ್ಲ ಆರ್ತಿ ನಿಮ್ಮನೇದು," ಎಂದು ಸೇರಿಸಿದರು.

ಫೋನು ಇಟ್ಟ ಮೇಲೆ ಹುಡುಗಿ ಒಳಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮಾವ ಮತ್ತೆ ಸೊಪ್ಪಿಗೆ ಕೈ ಹಾಕಿದರು. ನಾನು ಹೊರಡುತ್ತೇನೆ ಎಂದಾಗ ತಲೆಯೆತ್ತದೆ, "ಆ ಮರದಲ್ಲಿ ಸರಿ ಮಾಡ್ಬುಡು," ಎಂದರು.

"ತಾತನ ಊರು ಯಾವುದು ಅಂತ ಗೊತ್ತಾ ಮಾವ? ಕಾಗದದಲ್ಲಿ ಹೋಗಿದೆ."

"ಕೋಟೆ ಕಡೆ ಅಂತಿದ್ರು. ನಮ್ಮಪ್ಪ ಒಂದಪನೂ ಆ ಊರ ಹೆಸ್ರು ಎತ್ನಿಲ್ಲ."

ವಾಪಸು ಬಸ್ಸಿನಲ್ಲಿ ಸರಿ ಮಾಡಲು ಕೂತೆ. ಆ ವೆಬ್‌ಸೈಟಿನಲ್ಲಿ ಹುಟ್ಟಿದ ಮಗ, ದತ್ತುಮಗ, ಮಲಮಗ, ಸಾಕುಮಗ ಎಲ್ಲರಿಗೂ ಜಾಗವಿದೆ, ಮನೆ ಅಳಿಯನಿಗಿಲ್ಲ. ಚಿಕ್ಕೇಗೌಡರ ಮೇಲಿನ ಗೆರೆಯನ್ನು ಅಳಿಸಲು ಹೋದಾಗ ಎಚ್ಚರಿಕೆ ಬಂತು. ಈ ಸಂಬಂಧ ತೆಗೆದರೆ ಮೂವತ್ತೊಂದು ಜನ ಮರದಿಂದ ಕಳಚಿಕೊಳ್ಳುತ್ತಾರೆ, ಮುಂದುವರಿಯಬೇಕೇ? ಆ ಮೂವತ್ತೊಂದರಲ್ಲಿ ಮಾವ, ಭಾವ, ನಮ್ಮವರು, ಆ ಹುಡುಗಿ, ನಾನು ಎಲ್ಲರೂ ಇದ್ದೆವು. ಹೌದು ಎಂದು ಒತ್ತಿದೆ. ಒಂದು ಗಳಿಗೆ ನಾವೆಲ್ಲ ಪರದೆಯ ಮೂಲೆಯಲ್ಲಿ ಗುಂಪಾಗಿ ತೇಲಿದೆವು. ಆಮೇಲೆ ಕೆಂಪಮ್ಮನವರನ್ನು ನಿಂಗೇಗೌಡರ ಮಗಳೆಂದು ಸೇರಿಸಿದೆ. ಇಡೀ ಸಂಸಾರ ಅವರ ಒಂದು ಗೆರೆಗೆ ಜೋತುಕೊಂಡು ಮೇಲೆ ಬಂತು. ಚಿಕ್ಕೇಗೌಡರ ಮೇಲೆ ಕರೀಗೌಡ ಎಂದು ಬರೆದು ಊರಿನ ಜಾಗವನ್ನು ಖಾಲಿ ಬಿಟ್ಟೆ. ಗ್ರೂಪಿಗೆ ಏನೂ ಹಾಕಲಿಲ್ಲ. ಹುಣಸೂರು ಬರುವ ಹೊತ್ತಿಗೆ ಭಾವನೇ ಹಾಕಿದ್ದರು: "ಮಾತುಕತೆ ಮುಂದುವರಿದಿದೆ. ದಸರಾ ಕಳೆದು ವೀಳ್ಯ."

ಮನೆ ತಲುಪಿದಾಗ ಆರೂಕಾಲು. ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕೇಳಿ, "ಅಪ್ಪ ಅವರಾಗೇ ಹೇಳಿದ್ರಾ?" ಎಂದು ಎರಡು ಸಲ ಕೇಳಿ, ಟೀ ಮಾಡಿಕೊಡಲು ಎದ್ದರು. ಮೂವತ್ತು ವರ್ಷದಲ್ಲಿ ಅದು ಎಷ್ಟನೆಯ ಸಲವೋ, ಹೆಚ್ಚಿಲ್ಲ. ಹಿತ್ತಲಲ್ಲಿ ಬೆಳಗಿನ ಬಟ್ಟೆ ಇನ್ನೂ ತಂತಿಯ ಮೇಲಿತ್ತು. ತೆಗೆಯಲು ಹೋದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದರು. ಈ ಎರಡು ತಿಂಗಳ ರಾಮಾಯಣ ಅವರಿಗೆ ಬಾಯಿಪಾಠ.

"ಏನಾಯ್ತ್ರೀ ಹೆಣ್ಣಿಂದು?"

"ಕೂಡಿ ಬಂತು. ನಮ್ಮವರ ತಾತ ಆ ಮನೆ ಮಗನೇ ಅಲ್ವಂತೆ. ಮನೆವಾಳ್ತನಕ್ಕೆ ಬಂದವರು, ಕೋಟೆ ಕಡೆಯಿಂದ."

"ಸದ್ಯ, ಒಳ್ಳೇದಾಯ್ತು ಬುಡಿ." ಅವರು ಕಿತ್ತ ಎಲೆಗಳನ್ನು ಸೆರಗಿಗೆ ಹಾಕಿಕೊಂಡು ಹೊರಟವರು, ಏನೋ ಹೊಳೆದಂತೆ ತಿರುಗಿ ನಿಂತರು. "ಅಲ್ಲ ಕಣ್ರೀ, ಹಂಗಾದ್ರೆ ಕೋಟೆ ಕಡೆ ನಿಮ್ ನಿಜವಾದ ಮನೆದೇವ್ರು ಒಬ್ಬ ಇರ್ಬೇಕಲ್ಲ. ಇಷ್ಟು ವರ್ಷದಿಂದ ಪಾಪ, ಆವಪ್ಪಂಗೆ ದೀಪ ಯಾರು ಹಚ್ತಾವ್ರೋ?"